ಯಂತ್ರದ ಮುನಿಸು

ಏಪ್ರಿಲ್ ೨, ಗುರುವಾರ. ಮುನಿಸು ೨.೧

ಈ ಪುಸ್ತಕ ಹೆಂಡತಿಯದು. ಟೀಚರ್ ಕೆಲಸ ಬಿಟ್ಟಾಗ ಅವಳು ಶಾಲೆಯಿಂದ ತಂದ ಗೆರೆ ಪುಸ್ತಕಗಳಲ್ಲಿ ಉಳಿದದ್ದು ಇದೊಂದೇ. ಎಡಕ್ಕೆ ಕೆಂಪು ಅಂಚು. ಅಂಚಿನಾಚೆ ತಪ್ಪು ತಿದ್ದುವವರ ಜಾಗ, ಅಲ್ಲಿ ನಾವು ಬರೆಯಬಾರದಂತೆ. ಬರೆಯುವುದಿಲ್ಲ. ಯಾರಿಗೂ ತೋರಿಸುವುದಕ್ಕಲ್ಲ ಇದು. ತಲೆಯೊಳಗಿನದನ್ನು ಎಲ್ಲಾದರೂ ಇಳಿಸದಿದ್ದರೆ ಕೆಲಸದಲ್ಲಿ ಕೈ ತಪ್ಪುತ್ತದೆ, ಅದಕ್ಕೆ.

ಬೆಳಿಗ್ಗೆ ಮೀಟಿಂಗು. ಊರಿನ ಪೈಪಿನ ನೀರು ಇನ್ನು ದಿನ ಬಿಟ್ಟು ದಿನ, ಆಸ್ಪತ್ರೆಗೂ ಅಷ್ಟೇ. ಮಾಳಿಗೆಯ ಮೇಲಿನ ನಮ್ಮ ಕೂಲಿಂಗ್ ಟವರು ಗಂಟೆಗೆ ಎರಡು ಸಾವಿರ ಲೀಟರ್ ನೀರನ್ನು ಆವಿ ಮಾಡಿ ಆಕಾಶಕ್ಕೆ ಕಳಿಸುತ್ತದೆ. ಅದಕ್ಕೆ ನೀರಿಲ್ಲದಿದ್ದರೆ ನೆಲಮಾಳಿಗೆಯ ನನ್ನ ಎಸಿ ಯಂತ್ರ ಓಡುವುದಿಲ್ಲ. ಅದು ಓಡದಿದ್ದರೆ ಆಪರೇಷನ್ ಕೋಣೆಗೆ ತಂಪು ಗಾಳಿ ಇಲ್ಲ. ಇತ್ತ ಒಬ್ಬರ ಡಯಾಲಿಸಿಸ್‌ಗೆ ಮುನ್ನೂರು ಲೀಟರ್ ಬೇಕು. ದೊಡ್ಡ ಇಂಜಿನಿಯರು ಬೋರ್ಡಿನ ಮೇಲೆ ಬರೆದೇ ತೋರಿಸಿದರು: ಟವರಿನ ಒಂದು ಗಂಟೆ ಎಂದರೆ ಆರು ಜನರ ಡಯಾಲಿಸಿಸ್. "ಹೀಗೇ ಹೋದ್ರೆ ವಾರಕ್ಕೆ ಮೂರು ಸಲ ಮಾಡೋದನ್ನ ಎರಡಕ್ಕೆ ಇಳಿಸ್ಬೇಕಾಗುತ್ತೆ" ಅಂದರು.

ಸೋಮ, ಬುಧ, ಶುಕ್ರ ಆ ಕುರ್ಚಿಯಲ್ಲಿ ಮಲಗುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ನನ್ನ ಮುಖ ನೋಡಲಿಲ್ಲ.

"ತೊಳೆದ ನೀರು ಇದೆಯಲ್ಲ ಸಾರ್" ಅಂದೆ. ಆಸ್ಪತ್ರೆಯ ಬಚ್ಚಲು, ಕಕ್ಕಸು, ಬಟ್ಟೆ ಒಗೆಯುವ ಕೋಣೆ, ಎಲ್ಲದರ ಕೊಳಕು ನೀರೂ ಹಿಂದಿನ ತೊಟ್ಟಿಗಳಲ್ಲಿ ಶುದ್ಧವಾಗಿ, ಸೋಸಿ, ಕ್ಲೋರಿನ್ ಹಾಕಿಸಿಕೊಂಡು, ಇಷ್ಟೆಲ್ಲ ಆದ ಮೇಲೆ ಸುಮ್ಮನೆ ಚರಂಡಿಗೆ ಹೋಗುತ್ತದೆ. ನಾವು ಅದನ್ನು ತೊಳೆದ ನೀರು ಅನ್ನುತ್ತೇವೆ. ಅದನ್ನು ಟವರಿಗೆ ಕೊಟ್ಟರೆ ಊರಿನ ನೀರು ಡಯಾಲಿಸಿಸ್‌ಗೆ ಉಳಿಯುತ್ತದೆ.

ಒಪ್ಪಿದರು, ಒಂದು ಷರತ್ತಿನ ಮೇಲೆ. "ಮುನಿಸು ನಾಲ್ಕು ದಾಟಿದ್ರೆ ಆವತ್ತೇ ನಿಲ್ಲಿಸ್ತೀನಿ. ಯಂತ್ರ ಕೆಟ್ರೆ ಆಪರೇಷನ್ ನಿಲ್ಲುತ್ತೆ."

ಮುನಿಸು ಎಂಬುದು ನಮ್ಮ ಕೋಣೆಯ ಮಾತು. ಯಂತ್ರದೊಳಗಿನ ಅನಿಲ ಎಷ್ಟು ಬಿಸಿ, ಅದರ ಬಿಸಿಯನ್ನು ಹೊತ್ತು ಹೊರಡುವ ನೀರು ಎಷ್ಟು ಬಿಸಿ, ಎರಡರ ನಡುವಿನ ಅಂತರವೇ ಮುನಿಸು. ಕೊಳವೆ ಚೊಕ್ಕವಾಗಿದ್ದರೆ ಎರಡು ಡಿಗ್ರಿ. ಒಳಗೆ ಪಾಚಿಯೋ ಸುಣ್ಣವೋ ಕಟ್ಟಿಕೊಂಡರೆ ಏರುತ್ತದೆ, ಕರೆಂಟನ್ನು ಹೆಚ್ಚು ತಿನ್ನುತ್ತದೆ, ಆರು ಮುಟ್ಟಿದರೆ ತಾನಾಗಿ ನಿಲ್ಲುತ್ತದೆ. ಹಳೆಯ ಯಂತ್ರ, ತನ್ನಷ್ಟಕ್ಕೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ದಿನವೂ ಮಧ್ಯಾಹ್ನ ಎರಡಕ್ಕೆ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುವುದು ನಾನು. ಹನ್ನೊಂದು ವರ್ಷದಿಂದ ಒಂದು ಅಂಕಿಯೂ ತಪ್ಪಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಏಪ್ರಿಲ್ ೬, ಸೋಮವಾರ. ಮುನಿಸು ೨.೨

ಹನ್ನೊಂದು ಗಂಟೆಗೆ ತೊಳೆದ ನೀರಿನ ವಾಲ್ವ್ ತೆರೆದೆ. ಮೂರನೇ ಮಹಡಿಯಿಂದ "ಎಸಿಯಲ್ಲಿ ಕಕ್ಕಸು ವಾಸನೆ" ಎಂದು ದೂರು ಬಂದದ್ದು ಒಂಬತ್ತೂವರೆಗೆ. ಅಂಥ ಮೂಗುಗಳಿಗೆ ಏನು ಹೇಳುವುದು. ಟವರಿನ ನೀರು ವಾರ್ಡಿನ ಗಾಳಿಯನ್ನು ಮುಟ್ಟುವುದೇ ಇಲ್ಲ, ಕೊಳವೆಯೊಳಗೇ ಹೋಗಿ ಬರುತ್ತದೆ ಎಂದು ಎರಡು ಸಲ ವಿವರಿಸಿ ಕೈಬಿಟ್ಟೆ.

ಊಟದ ಬಿಡುವಿನಲ್ಲಿ ಡಯಾಲಿಸಿಸ್ ಕೋಣೆಗೆ ಹೋದೆ. ಅವಳು ತೋಳಿಗೆ ಎರಡು ನಳಿಕೆ ಚುಚ್ಚಿಸಿಕೊಂಡು ಮಲಗಿದ್ದಳು. ಸುದ್ದಿ ಹೇಳಿದೆ. "ಸರಿಹೋಯ್ತು. ನಿಮ್ಮ ಯಂತ್ರಾನೂ ಇನ್ಮೇಲೆ ನನ್ನ ಹಾಗೇ, ತೊಳೆದದ್ದನ್ನೇ ವಾಪಸ್ ಒಳಗೆ ಬಿಟ್ಕೊಳ್ಳೋದು" ಅಂದಳು. ಪಕ್ಕದ ಕುರ್ಚಿಯವರೂ ನಕ್ಕರು.

ಜವಾಬ್ದಾರಿ ನನ್ನದೆಂದು ದೊಡ್ಡ ಇಂಜಿನಿಯರಿಗೆ ಬರೆದುಕೊಟ್ಟ ಪತ್ರವನ್ನು ಮೊದಲು ಅವಳಿಗೆ ತೋರಿಸಿದ್ದೆ. ಅವಳು ಕೆಂಪು ಪೆನ್ನು ತೆಗೆದು ಒಂದೇ ಕಡೆ ತಿದ್ದಿದಳು. ನಾನು "ದೈರ್ಯ" ಎಂದು ಬರೆಯುತ್ತೇನೆ. ದ ಅಕ್ಷರದ ಕೆಳಗೆ ಸಣ್ಣ ಸೀಳು ಹಾಕಿ ಧ ಮಾಡಬೇಕು. ಬೇರೆ ಎಲ್ಲ ಪದಕ್ಕೂ ಹಾಕುತ್ತೇನೆ, ಇದೊಂದಕ್ಕೆ ಕೈ ಮರೆಯುತ್ತದೆ. ಮದುವೆಯಾದಾಗಿನಿಂದ ತಿದ್ದುತ್ತಿದ್ದಾಳೆ. "ಸೀಳಿಲ್ಲದ ದೈರ್ಯ ಎಷ್ಟು ದಿನ ಬಾಳಿಕೆ ಬರುತ್ತೋ ನೋಡೋಣ" ಅಂದಳು. ಇದು ನನ್ನ ಪುಸ್ತಕ, ಇಲ್ಲಿ ನನ್ನದು ದೈರ್ಯವೇ.

ಏಪ್ರಿಲ್ ೧೧, ಶನಿವಾರ. ಮುನಿಸು ೨.೩

ಐದು ದಿನ, ಒಂದು ತಕರಾರಿಲ್ಲ. ಟವರಿಗೆ ಊರಿನ ನೀರು ಒಂದು ಹನಿಯೂ ಹೋಗಿಲ್ಲ. ಪ್ರತಿ ಸೋಮವಾರ ನೀರಿನ ಮಾದರಿ ಒಯ್ಯಲು ಬರುವ ಕೆಮಿಸ್ಟ್ ಹೆಂಗಸಿಗೆ ಸೀಸೆ ಮೇಡಂ ಎಂದು ಹೆಸರಿಟ್ಟಿದ್ದೇವೆ. ಅವರು ಫೋನಿನಲ್ಲೇ "ನಿಮ್ಮ ನೀರು ಪರೀಕ್ಷೆಯಲ್ಲಿ ಪಾಸು" ಅಂದರು.

ಸಂಜೆ ಅವಳೂ ನಾನೂ ಬೀದಿಯ ಕೊನೆಯವರೆಗೆ ನಡೆದೆವು. ಮರಳಿ ಬಂದು ಊಟ. ಅಡುಗೆಮನೆಯ ಗೋಡೆಗೆ ಡಾಕ್ಟರು ಕೊಟ್ಟ ಪಟ್ಟಿ ಅಂಟಿಸಿದ್ದಾಳೆ: ಉಪ್ಪು, ನೀರು, ಪೊಟ್ಯಾಸಿಯಂ, ಫಾಸ್ಫೇಟ್. ಮೇಲೆ "ಶತ್ರುಗಳು" ಎಂದು ಅವಳದೇ ದುಂಡು ಅಕ್ಷರ. ಫಾಸ್ಫೇಟ್ ಹಿಡಿಯುವ ಮಾತ್ರೆಯನ್ನು ಊಟದ ನಡುವೆ ನುಂಗುವಾಗ ಇವತ್ತೂ ಮುಖ ಕಿವುಚಿದಳು. ಸೀಮೆಸುಣ್ಣ ತಿಂದ ಹಾಗಿರುತ್ತದಂತೆ. "ಮೂವತ್ತು ವರ್ಷ ಬೋರ್ಡಿನ ಮೇಲೆ ಖರ್ಚು ಮಾಡಿದ್ದನ್ನ ಈಗ ಒಳಗೆ ಹಾಕ್ಕೋತಿದೀನಿ."

ಏಪ್ರಿಲ್ ೧೫, ಬುಧವಾರ. ಮುನಿಸು ೨.೯

ಹಿಂದಿನ ತೊಟ್ಟಿಯ ಮೇಲೆ ಮೊಣಕಾಲೆತ್ತರ ನೊರೆ. ಬಟ್ಟೆ ಒಗೆಯುವ ಕೋಣೆಗೆ ಸೋಮವಾರ ಹೊಸ ಪುಡಿ ಬಂದಿದೆ. ಅಲ್ಲಿಯ ಮೇಸ್ತ್ರಿ ಚೀಲವನ್ನೇ ಹೊರಗೆ ತಂದು ತೋರಿಸಿದ: "ಫಾಸ್ಫೇಟ್ ಬಲ, ಹಾಲಿನ ಬಿಳುಪು" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. "ಡಾಕ್ಟರ ಕೋಟು ನೋಡಿ ಸಾರ್, ಕಣ್ಣು ಕುಕ್ಕುತ್ತೆ" ಅಂದ. ನನ್ನ ತೊಟ್ಟಿ ನೋಡು, ಅದೂ ಕುಕ್ಕುತ್ತೆ ಅಂದೆ.

ಮುನಿಸು ಎರಡು ದಿನದಲ್ಲಿ ಅರ್ಧ ಡಿಗ್ರಿ ಏರಿದೆ. ಹೊರಗಿನ ಬಿಸಿಲೂ ಏರಿದೆ, ಅದಕ್ಕಿರಬೇಕು.

ಅವಳ ತೂಕ ಎರಡೂವರೆ ಕಿಲೋ ಹೆಚ್ಚಿತ್ತು. ಅಷ್ಟೂ ಒಳಗೆ ನಿಂತ ನೀರು.

ಏಪ್ರಿಲ್ ೧೭, ಶುಕ್ರವಾರ. ಮುನಿಸು ೪.೨

ದಾಖಲೆಯಲ್ಲಿ ೩ ಎಂದು ಬರೆದೆ.

ಮೂರು ಸಲ ನೋಡಿದೆ. ಗಾಜು ಒರೆಸಿ ನೋಡಿದೆ. ನಾಲ್ಕು ಪಾಯಿಂಟ್ ಎರಡು. ಹಾಗೆಂದು ಬರೆದರೆ ಐದು ಗಂಟೆಗೆ ವಾಲ್ವ್ ಮುಚ್ಚುತ್ತಾರೆ, ಮುಂದಿನ ವಾರದಿಂದ ಅವಳಿಗೆ ಎರಡೇ ಸಲ. ಬೆರಳು ತಾನಾಗಿ ಮೂರು ಬರೆಯಿತು, ನಾನು ಅದನ್ನು ನೋಡುತ್ತಾ ಕೂತೆ. ಇಳಿಯುತ್ತದೆ. ಟವರಿನ ತಳದ ನೀರನ್ನು ಹೆಚ್ಚು ಹೊರಬಿಟ್ಟರೆ ಇಳಿಯಲೇಬೇಕು. ಇಳಿದ ಮೇಲೆ ಮೂರೇ ಇರುತ್ತದೆ, ಆಗ ಬರೆದದ್ದು ಸುಳ್ಳಾಗುವುದಿಲ್ಲ. ನಿಜವಾದ ಅಂಕಿ ಇಲ್ಲಿದೆ. ಎಲ್ಲಾದರೂ ಇರಬೇಕಲ್ಲ.

ಏಪ್ರಿಲ್ ೧೮, ಶನಿವಾರ. ಮುನಿಸು ೪.೩

ನಿನ್ನೆ ಕುರ್ಚಿಯಲ್ಲೇ ಅವಳ ಕಾಲು ಸೆಟೆದುಕೊಂಡವು. ರಕ್ತದ ಒತ್ತಡ ಇಳಿದು ಕಣ್ಣು ಮೇಲೆ ಸಿಕ್ಕಿಕೊಂಡವು. ಟೆಕ್ನಿಷಿಯನ್ ಓಡಿ ಬಂದು ತಲೆ ತಗ್ಗಿಸಿ ಮಲಗಿಸಿದರು. ಇವತ್ತು ಬೆಳಿಗ್ಗೆ ಎದ್ದವಳನ್ನು ತೂಕದ ಯಂತ್ರದ ಮೇಲೆ ನಿಲ್ಲು ಅಂದದ್ದಕ್ಕೆ ರೇಗಿದಳು. "ಕಣ್ಣು ಬಿಟ್ಟ ಕೂಡ್ಲೆ ತೂಕ. ನಾನೇನು ಗ್ಯಾಸ್ ಸಿಲಿಂಡರಾ? ಹೇಗಿದೀಯ ಅಂತ ಕೇಳಿ ಎಷ್ಟು ದಿನ ಆಯ್ತು?" ಬಾಗಿಲು ಹಾಕಿಕೊಂಡಳು. ನನಗೂ ಕೋಪ ಬಂತು. ಇವಳಿಗಾಗಿಯೇ ಅಲ್ಲವೆ ನಾನು ಸಾಯುತ್ತಿರುವುದು.

ಬರೆದೇಬಿಡುತ್ತೇನೆ. ಇವಳಿಲ್ಲದಿದ್ದರೆ ನಾನು ಸುಳ್ಳು ಬರೆಯುವ ಮನುಷ್ಯನಲ್ಲ. ನಿನ್ನೆ ಆ ಕಣ್ಣು ಮೇಲೆ ಸಿಕ್ಕಿಕೊಂಡಾಗ ಒಂದು ಕ್ಷಣ, ಒಂದೇ ಕ್ಷಣ, ಮುಗಿದುಹೋಗಲಿ ಅನ್ನಿಸಿತು. ಅವಳಿಗೂ ಬಿಡುಗಡೆ, ನನಗೂ. ಯಾವ ಅಂಕಿಯನ್ನೂ ನೋಡದೆ ಒಂದು ದಿನ ಮಲಗಬಹುದು. ಆಮೇಲೆ ಅವಳು ಕಣ್ಣು ಬಿಟ್ಟು ನನ್ನನ್ನೇ ಹುಡುಕಿದಳು. ಇದನ್ನು ಯಾರ ಮುಂದೆಯೂ ಬಾಯಿಬಿಡುವ ದೈರ್ಯ ನನಗಿಲ್ಲ.

ಏಪ್ರಿಲ್ ೨೧, ಮಂಗಳವಾರ. ಮುನಿಸು ೪.೬

ದಾಖಲೆಯಲ್ಲಿ ೩. ತೂಕ ಎರಡು ಪಾಯಿಂಟ್ ಎರಡು.

ನಿನ್ನೆ ಸೀಸೆ ಮೇಡಂ ಬಂದಿದ್ದರು. ಸುಣ್ಣ ಕಟ್ಟದಿರಲೆಂದು ಟವರಿನ ನೀರಿಗೆ ಹಾಕುವ ಆಸಿಡ್ಡಿನ ಪ್ರಮಾಣ ಸ್ವಲ್ಪ ಹೆಚ್ಚಿಸಿ ಎಂದು ಕೇಳಿದೆ. ಅವರು ದಾಖಲೆ ಪುಸ್ತಕ ತಿರುವಿದರು. "ಯಾಕೆ? ಮೂರು, ಮೂರು, ಮೂರು. ಯಂತ್ರ ಆರಾಮಾಗಿದೆಯಲ್ಲ. ಸುಮ್ನೆ ಆಸಿಡ್ ಸುರಿದ್ರೆ ಕೊಳವೆ ತೂತಾಗುತ್ತೆ." ನಾನೇ ಬರೆದ ಮೂರು, ನನ್ನ ಬಾಯಿಗೇ ಬೀಗ. "ಸುಮ್ನೆ ಕೇಳ್ದೆ" ಅಂದೆ.

ಏಪ್ರಿಲ್ ೨೩, ಗುರುವಾರ. ಮುನಿಸು ೪.೯

೩. ತೂಕ ಒಂದೂವರೆ.

ಏಪ್ರಿಲ್ ೨೫, ಶನಿವಾರ. ಮುನಿಸು ೫.೪

೩. ತೂಕ ಒಂದು ಪಾಯಿಂಟ್ ಎಂಟು.

ಕೊಳವೆ ಉಜ್ಜಬೇಕೆಂದರೆ ಎಂಟು ಗಂಟೆ ಯಂತ್ರ ನಿಲ್ಲಿಸಬೇಕು. ಯಾಕೆಂದು ಕೇಳುತ್ತಾರೆ. ಯಂತ್ರದ ಬದಿಗೆ ಅಂಗೈಯಿಟ್ಟು ನಿಂತಿದ್ದೆ. ಸ್ವಲ್ಪ ತಡೆದುಕೋ ಎಂದು ಅದಕ್ಕೆ ಹೇಳಿದೆ, ಜೋರಾಗಿಯೇ. ಅದು ನನ್ನ ಮಾತು ಕೇಳುತ್ತದೆ ಎಂದು ಹನ್ನೊಂದು ವರ್ಷದಿಂದ ಅಂದುಕೊಂಡಿದ್ದೇನೆ.

ಮನೆಯಲ್ಲಿ ಅವಳು ಏನೋ ಹೇಳುತ್ತಿದ್ದಳು, ಕಿವಿಗೆ ಬೀಳಲಿಲ್ಲ.

ಏಪ್ರಿಲ್ ೨೭, ಸೋಮವಾರ. ಮುನಿಸು ೬

ನಿಂತಿತು. ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ. ಆ ಸದ್ದು ನನ್ನ ಮೈಯೊಳಗೇ ಸೇರಿಹೋಗಿತ್ತು, ನಿಂತ ಮೇಲೆಯೇ ಅದು ಅಷ್ಟು ದೊಡ್ಡದಾಗಿತ್ತೆಂದು ತಿಳಿದದ್ದು.

ಮೇಲೆ ಆಪರೇಷನ್ ಕೋಣೆಯಲ್ಲಿ ಒಬ್ಬರ ಹೊಟ್ಟೆ ತೆರೆದಿತ್ತು. ಐವತ್ತು ನಿಮಿಷದಲ್ಲಿ ಅಲ್ಲಿ ಮೂವತ್ತೊಂದು ಡಿಗ್ರಿ. ಸರ್ಜನ್ನರ ಹಣೆಯ ಬೆವರು ಒರೆಸುವುದಕ್ಕೆಂದೇ ಒಬ್ಬ ನರ್ಸ್ ನಿಂತಿದ್ದರಂತೆ. ಊರಿನ ನೀರು ಬಿಟ್ಟು, ಹೊರೆ ಇಳಿಸಿ, ಕುಂಟಿಸಿಕೊಂಡು ಯಂತ್ರ ಓಡಿಸಿದೆ. ಹೊಲಿದು ಮುಗಿಸಿದರು. ರೋಗಿ ಬದುಕಿದ್ದಾರೆ. ಅವರು ಗಂಡಸೋ ಹೆಂಗಸೋ ಎಂದು ಕೇಳಲೂ ನನಗೆ ಬಾಯಿ ಬರಲಿಲ್ಲ.

ಏಪ್ರಿಲ್ ೨೮, ಮಂಗಳವಾರ.

ದೊಡ್ಡ ಇಂಜಿನಿಯರು ದಾಖಲೆ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಹತ್ತು ದಿನ ಮೂರು. ಹನ್ನೊಂದನೇ ದಿನ ಯಂತ್ರ ಬಂದ್. ಒಂದು ಸೂಚನೆ ಕೊಡದೆ ಯಂತ್ರ ನಿಲ್ಲಿಸೋ ನೀರನ್ನ ನಾನು ಹೇಗೆ ನಂಬ್ಲಿ?" ನನ್ನ ಕಡೆ ತಿರುಗಿ, "ನಿಮ್ಮನ್ನ ಏನೂ ಅನ್ನಲ್ಲ. ನೀವು ನೋಡಿದ್ದನ್ನ ಬರ್ದಿದೀರಿ" ಅಂದರು.

ನನ್ನ ಸುಳ್ಳಿನಿಂದ ತೊಳೆದ ನೀರಿಗೆ ಕೆಟ್ಟ ಹೆಸರು ಬಂತು. ವಾಲ್ವ್ ಶಾಶ್ವತವಾಗಿ ಬಂದ್. ನಾಳೆಯಿಂದಲೇ ಡಯಾಲಿಸಿಸ್ ವಾರಕ್ಕೆ ಎರಡು ಸಲ. ಅವಳಿಗೆ ಬುಧವಾರ ಹೋಯಿತು. ಅವಳಿಗೆ ಮಾತ್ರವಲ್ಲ, ಮೂವತ್ತೆಂಟು ಜನಕ್ಕೆ ಒಂದೊಂದು ದಿನ ಹೋಯಿತು. ಆ ಮೂವತ್ತೆಂಟು ಇವತ್ತಿನವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಮೇ ೧, ಶುಕ್ರವಾರ.

ನಾಲ್ಕು ದಿನದ ಮೇಲೆ ಕುರ್ಚಿ ಸಿಕ್ಕಿತು. ನಾಲ್ಕೂವರೆ ಕಿಲೋ ನೀರು. ನಿನ್ನೆಯಿಡೀ ದಿಂಬಿಗೊರಗಿ ಕೂತೇ ಉಸಿರಾಡಿದಳು, ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ. ಅಷ್ಟು ನೀರನ್ನು ಒಮ್ಮೆಗೇ ತೆಗೆಯುವಾಗ ಎರಡು ಸಲ ಪ್ರಜ್ಞೆ ತಪ್ಪಿತು. ಟೆಕ್ನಿಷಿಯನ್ ನನ್ನನ್ನು ಹೊರಗೆ ಕರೆದರು. "ನೇರವಾಗಿ ಹೇಳ್ತೀನಿ. ವಾರಕ್ಕೆ ಎರಡೇ ಆದ್ರೆ ಇವರ ಹೃದಯ ಹೆಚ್ಚು ದಿನ ತಡ್ಕೊಳಲ್ಲ. ಬೇರೆ ಕಡೆ ಕುರ್ಚಿ ಸಿಗುತ್ತಾ ನೋಡಿ." ಎಲ್ಲ ಕಡೆ ಕೇಳಿಯಾಗಿದೆ. ಎಲ್ಲ ಕಡೆಯೂ ನೀರಿಲ್ಲ.

ಮೇ ೨, ಶನಿವಾರ.

ಹೇಳಿಬಿಡಬೇಕು. ಸೂಚನೆ ಕೊಟ್ಟಿತ್ತು, ದಿನವೂ ಕೊಟ್ಟಿತ್ತು, ಮುಚ್ಚಿಟ್ಟವನು ನಾನು ಎಂದು ಹೇಳಿದರೆ ನೀರಿಗೆ ಇನ್ನೊಂದು ಅವಕಾಶ ಸಿಗಬಹುದು. ಆದರೆ ಒಂದು ಪುಸ್ತಕದಲ್ಲಿ ಸುಳ್ಳು ಬರೆದವನು ಹೊಸ ಹಾಳೆಯಲ್ಲಿ ಅಂಕಿ ಬರೆದುಕೊಂಡು ಹೋದರೆ ಯಾರು ನಂಬುತ್ತಾರೆ? ಈ ಪುಸ್ತಕವನ್ನೇ ಕೊಡಬೇಕು.

ಹದಿನೆಂಟನೇ ತಾರೀಖಿನ ಹಾಳೆ ಕತ್ತರಿಸಲು ಬ್ಲೇಡು ತೆಗೆದೆ. ಹಾಳೆಯ ಈ ಬದಿಯಲ್ಲಿ ಹದಿನೈದು, ಹದಿನೇಳು. ಆ ಬದಿಯಲ್ಲಿ ಹದಿನೆಂಟು. ಮುನಿಸು ಏರಿದ್ದೇ ಆ ದಿನಗಳಲ್ಲಿ. ಆ ಹಾಳೆ ಇಲ್ಲದಿದ್ದರೆ ಎರಡೂ ಚಿಲ್ಲರೆಯಿಂದ ನೇರ ನಾಲ್ಕೂವರೆಗೆ ನೆಗೆದ ಹಾಗೆ ಕಾಣುತ್ತದೆ, ಇದೂ ಸುಳ್ಳು ಪುಸ್ತಕವೇ ಅನ್ನುತ್ತಾರೆ. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟೆ.

ಆಫೀಸಿನವರು ಓದುವ ಮೊದಲು ಅವಳು ಓದಬೇಕು. ಬೇರೆಯವರ ಬಾಯಿಂದ ತಿಳಿಯಬಾರದು. ಅಷ್ಟಕ್ಕಾದರೂ ನನಗೆ ದೈರ್ಯ ಬರಲಿ.

ಮೇ ೩, ಭಾನುವಾರ.

ಬೆಳಿಗ್ಗೆ ಪುಸ್ತಕವನ್ನು ಅವಳ ಕೈಗಿತ್ತು, "ಇದರಲ್ಲಿ ಕೆಟ್ಟದ್ದೂ ಇದೆ" ಎಂದು ಹೇಳಿ ಅಡುಗೆಮನೆಗೆ ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವಳ ಉಸಿರು ಕೇಳಿಸುತ್ತಿತ್ತು, ಹಾಳೆ ತಿರುಗುವುದು ಕೇಳಿಸುತ್ತಿತ್ತು. ಒಂದು ಕಡೆ ತುಂಬ ಹೊತ್ತು ತಿರುಗಲೇ ಇಲ್ಲ.

ಕರೆದಳು. ಹೋಗಿ ಬಾಗಿಲಲ್ಲಿ ನಿಂತೆ.

"ಹದಿನೈದನೇ ತಾರೀಖು ಏನು ಬರ್ದಿದೀರ?"

"ನೊರೆ ಬಂತು ಅಂತ."

"ಚೀಲದ ಮೇಲೆ ಏನಿತ್ತು ಅಂತ ಬರ್ದಿದೀರ?"

"ಫಾಸ್ಫೇಟ್ ಬಲ."

"ನನ್ನ ರಕ್ತದಲ್ಲಿ ಅದು ಜಾಸ್ತಿಯಾದ್ರೆ ಏನಾಗುತ್ತೆ?"

"ರಕ್ತನಾಳದೊಳಗೆ ಸುಣ್ಣ ಕಟ್ಟುತ್ತೆ" ಅಂದೆ. ನಾಲ್ಕು ವರ್ಷದಿಂದ ಬಾಯಿಪಾಠವಾದ ಮಾತು. ಆಡಿ ಮುಗಿಸುವಾಗಲೇ ಯಂತ್ರದ ಕೊಳವೆಗಳು ಕಣ್ಣ ಮುಂದೆ ಬಂದವು.

"ಗೋಡೆ ಮೇಲೆ ಶತ್ರುಗಳು ಅಂತ ಬರೆದು ಅಂಟಿಸಿದೀನಿ. ದಿನಾ ಅದರ ಮುಂದೆ ನಿಂತು ಕಾಫಿ ಕುಡೀತೀರ" ಅಂದಳು. ಎರಡು ಸಲ ಉಸಿರು ತೆಗೆದುಕೊಂಡಳು. "ಪುಡಿ ಬದಲಾಯಿಸಿ ಅಂತ ಹೇಳಿ ಅವರಿಗೆ. ನೀರಿಂದೇನೂ ತಪ್ಪಿಲ್ಲ."

ಇನ್ನೊಂದು ಬದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಸ್ತಕ ಮುಚ್ಚಿ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಆ ಹಾಳೆಯನ್ನು ತೆರೆದು ನೋಡಿಲ್ಲ. ಕೊನೆಯ ಪುಟಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾಳೆ ಪುಸ್ತಕ ನನ್ನದಲ್ಲ.

ಮೇ ೪, ಸೋಮವಾರ. ಬಿಡಿ ಹಾಳೆ.

ಪುಸ್ತಕವನ್ನು ದೊಡ್ಡ ಇಂಜಿನಿಯರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಯಂತ್ರದ ಮುಚ್ಚಳ ಬಿಚ್ಚಿದರು. ಕೊಳವೆಗಳ ಒಳಗೆಲ್ಲ ಬಿಳಿ ಪದರ. ಸೀಸೆ ಮೇಡಂ ಕೆರೆದು, ಸೀಸೆಗೆ ಹಾಕಿ, ಬಣ್ಣ ನೋಡಿದರು. "ಫಾಸ್ಫೇಟೇ. ಸುಣ್ಣದ ಜೊತೆ ಸೇರಿ ಕಟ್ಟಿದೆ. ನಮ್ಮ ಮೂಳೆಯಲ್ಲಿರೋದೂ ಹೆಚ್ಚುಕಮ್ಮಿ ಇದೇ. ನನ್ನ ಫಾರಂನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ, ನಾನು ಪರೀಕ್ಷೆ ಮಾಡ್ಲೇ ಇಲ್ಲ" ಅಂದರು. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ದೊಡ್ಡ ಇಂಜಿನಿಯರು ಪುಸ್ತಕವನ್ನು ಮೊದಲಿಂದ ಓದಿದರು. ಹದಿನೈದು ಆಯಿತು, ಹದಿನೇಳು ಆಯಿತು, ಹಾಳೆ ತಿರುವಿದರು. ನಾನು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಅವರು ಕನ್ನಡಕ ತೆಗೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಇದು ಯಾರ ಬರಹ?"

ಹದಿನೆಂಟನೇ ತಾರೀಖಿನ ಕೊನೆಯ ಸಾಲಿನಲ್ಲಿ, ದೈರ್ಯದ ದ ಅಕ್ಷರದ ಕೆಳಗೆ, ಕೆಂಪು ಶಾಯಿಯ ಸೀಳು. ಅಂಚಿನಾಚೆ, ನಾನು ಬರೆಯಬಾರದ ಜಾಗದಲ್ಲಿ, ಅವಳ ದುಂಡು ಅಕ್ಷರ: ನೋಡಿದೆ. ಕೆಳಗೆ ಚಿಕ್ಕ ಸಹಿ, ತಾರೀಖು. ಸಾವಿರಾರು ಪುಸ್ತಕಗಳಿಗೆ ಹಾಕಿದ ಸಹಿ. ಬೇರೆ ಯಾವ ಸಾಲನ್ನೂ ಅವಳು ಹೊಡೆದು ಹಾಕಿರಲಿಲ್ಲ.

"ಮೇಲ್ವಿಚಾರಕರದು ಸಾರ್" ಅಂದೆ. ಆಮೇಲೆ "ನನ್ನ ಹೆಂಡತಿ" ಎಂದು ಸೇರಿಸಿದೆ.

ಪುಡಿ ಇವತ್ತೇ ನಿಂತಿತು. ಕೊಳವೆ ಆಸಿಡ್ಡಿನಿಂದ ತೊಳೆದು, ಹನ್ನೊಂದನೇ ತಾರೀಖಿನಿಂದ ತೊಳೆದ ನೀರನ್ನು ಮತ್ತೆ ಪರೀಕ್ಷೆಗೆ ಬಿಡುತ್ತಾರೆ. ನಡೆದರೆ ಹದಿಮೂರರಿಂದ ಎಲ್ಲರಿಗೂ ಮೂರನೇ ದಿನ ವಾಪಸ್. ಮುನಿಸು ನೋಡಲು ಬೇರೆಯವರು ಬರುತ್ತಾರೆ. ಯಂತ್ರದ ಕೋಣೆಯ ಬೀಗದ ಕೈ ಕೊಟ್ಟು ಬಂದೆ. ಆ ಹೊಟ್ಟೆ ತೆರೆದಿದ್ದ ರೋಗಿ ಹೆಂಗಸು ಎಂದು ಹೊರಡುವಾಗ ಕೇಳಿ ತಿಳಿದುಕೊಂಡೆ. ನಾಡಿದ್ದು ಮನೆಗೆ ಹೋಗುತ್ತಾರಂತೆ.

ಅವಳನ್ನು ಕುರ್ಚಿಯಿಂದ ಇಳಿಸಿ ಮನೆಗೆ ಕರೆತಂದೆ. ತೂಕ ಕೇಳಲಿಲ್ಲ. "ಹೇಗಿದೀಯ" ಅಂದೆ. "ಇದೀನಿ" ಅಂದಳು. ನಡುವೆ ಕುರ್ಚಿಯಿಲ್ಲದ ಒಂದು ಬುಧವಾರವನ್ನು ದಾಟಬೇಕು. ದಾಟುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಟೆಕ್ನಿಷಿಯನ್‌ಗೂ ಗೊತ್ತಿಲ್ಲ.

ಈಗ ಪಕ್ಕದಲ್ಲೇ ದಿಂಬಿಗೊರಗಿ ಕೂತಿದ್ದಾಳೆ. ಅವಳ ಮುನಿಸು ಎಷ್ಟು ಎಂದು ನಾನು ಇನ್ನೂ ಕೇಳಿಲ್ಲ. ಕೇಳುವುದಕ್ಕೆ ಧೈರ್ಯ ಬೇಕು. ಬರೆದದ್ದನ್ನು ಮತ್ತೊಮ್ಮೆ ನೋಡಿದೆ, ಸೀಳು ಹಾಕಿದ್ದೇನೆ.